ಒಂದು ಲೋಟ ತಂಪು

ಮಾಲೂರು
8 ಜುಲೈ 2024

ಶ್ರೀಮತಿ ಭಾರತಮ್ಮನವರಿಗೆ ನಮಸ್ಕಾರ.

ನಾನು ಡಾಕ್ಟರ್ ಮೌನಿಕಾ. ಮೇ ತಿಂಗಳಲ್ಲಿ ಕೋಲಾರದ ಆಸ್ಪತ್ರೆಯಲ್ಲಿ ನಿಮ್ಮ ಯಜಮಾನರು ಮುನಿಶಾಮಿಯವರ ಭುಜದ ಆಪರೇಷನ್ನಿಗೆ ಅರಿವಳಿಕೆ ಗ್ಯಾಸ್ ಕೊಟ್ಟವಳು. ಹೆಸರು ನೋಡಿದ ಕೂಡಲೇ ಈ ಕಾಗದವನ್ನು ಹರಿದು ಹಾಕಬೇಕು ಅನ್ನಿಸಿದರೆ ತಪ್ಪೇನಿಲ್ಲ. ಹರಿಯುವ ಮೊದಲು ಒಂದು ಸಲ ಓದಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನೀವು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ. ಊರಿಗೇ ಬರೋಣವೆಂದರೆ ನಿಮ್ಮ ಅಣ್ಣ ಚನ್ನರಾಯಪ್ಪನವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಹಾಗಾಗಿ ಕೇಸ್ ಶೀಟಿನಲ್ಲಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಯಜಮಾನರು ಮಾವಿನ ಮರದಿಂದ ಬಿದ್ದು ಮೂಳೆ ಮುರಿದುಕೊಂಡು ಬಂದವರು. ಬಿ.ಪಿ., ಸಕ್ಕರೆ ಏನೂ ಇರಲಿಲ್ಲ. ಹಣ್ಣಿನ ಕ್ರೇಟು ಹೊತ್ತು ಗಟ್ಟಿಯಾದ ಮೈ. ಅಂಥ ಮೈಕಟ್ಟಿನವರಿಗೆ ಎಷ್ಟು ಗ್ಯಾಸ್ ಕೊಡಬೇಕೋ ಅಷ್ಟೇ ಕೊಟ್ಟೆ, ಒಂದು ಚೂರೂ ಹೆಚ್ಚಿಲ್ಲ. ಆದರೂ ರಕ್ತದೊತ್ತಡ ಕುಸಿಯಿತು, ಎದೆಬಡಿತ ನಿಧಾನವಾಯಿತು, ಏನು ಮಾಡಿದರೂ ಮೇಲೆ ಬರಲಿಲ್ಲ. ಶುರುವಿನಿಂದ ಕೊನೆಯವರೆಗೂ ನಾನು ಅವರ ತಲೆಯ ಹತ್ತಿರವೇ ಕೂತಿದ್ದೆ. ಯಾಕೆ ಹೀಗಾಯಿತು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಈಗ ಸ್ವಲ್ಪ ದಿನ ರಜೆಯ ಮೇಲೆ ಮಾಲೂರಿನಲ್ಲಿ ನಮ್ಮ ತಂದೆಯ ಮನೆಯಲ್ಲಿದ್ದೇನೆ. ಯೋಚನೆ ಮಾಡಲು ಬೇಕಾದಷ್ಟು ಹೊತ್ತಿದೆ. ಯೋಚಿಸಿದಷ್ಟೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೇನೆ. ಆಪರೇಷನ್ನಿಗೆ ಮುಂಚೆ ಅವರು ಏನಾದರೂ ತಗೊಂಡಿದ್ದರಾ? ಹಿಂದಿನ ದಿನ ವಾರ್ಡಿನಲ್ಲಿ ನಿಮ್ಮನ್ನು ಕೇಳಿದ್ದೆ, ನೀವು ಇಲ್ಲ ಅಂದಿರಿ. ಇನ್ನೊಂದು ಸಲ ನೆನಪು ಮಾಡಿಕೊಂಡು ಬರೆಯಿರಿ. ದಯವಿಟ್ಟು.

ಇಂತು,
ಮೌನಿಕಾ


ರಾಯಲ್ಪಾಡು
17 ಜುಲೈ 2024

ಡಾಕ್ಟರಮ್ಮನಿಗೆ,

ಕಾಗದ ಬಂತು. ಹರಿಯಲಿಲ್ಲ. ಮನೆ ಮಾತು ತೆಲುಗಾದರೂ ನಾನು ಹತ್ತನೇ ಕ್ಲಾಸು ಕನ್ನಡದಲ್ಲೇ ಪಾಸು ಮಾಡಿದವಳು. ಇನ್ನೊಬ್ಬರ ಕೈಲಿ ಓದಿಸಿಲ್ಲ, ಇನ್ನೊಬ್ಬರ ಕೈಲಿ ಬರೆಸುತ್ತಾನೂ ಇಲ್ಲ. ನೀವು ಬರೆದಿದ್ದು ನಮ್ಮಣ್ಣನಿಗೆ ಗೊತ್ತಾದರೆ ಮಾಲೂರಿಗೇ ಬರ್ತಾನೆ, ಅದಕ್ಕೇ ಹೇಳಿಲ್ಲ. ನಿಮ್ಮ ಮೇಲಿನ ಕನಿಕರಕ್ಕೆ ಅಂದ್ಕೋಬೇಡಿ.

ರಜೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ನಿಮ್ಮನ್ನ ಆಸ್ಪತ್ರೆಯಿಂದ ಹೊರಗೆ ಇಟ್ಟಿದ್ದಾರೆ ಅಂತ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೂಡ ಮಾತಾಡಿಕೊಳ್ತಾರೆ. ನನಗೂ ಈಗ ರಜೆಯೇ, ಡಾಕ್ಟರಮ್ಮ. ಊಟಕ್ಕೆ ಕಾಯೋರಿಲ್ಲ, ಬಟ್ಟೆ ಒಗೆಯೋದು ಕಡಿಮೆ ಆಗಿದೆ.

ನಮ್ಮ ಯಜಮಾನರು ಮುರಿದ ಕೈಯನ್ನ ನನ್ನ ಸೆರಗಿನ ತುಂಡಲ್ಲಿ ಕಟ್ಟಿಕೊಂಡು ಅವರೇ ನಡೆದು ಬಂದು ಬಸ್ ಹತ್ತಿದರು. ಜನ ತುಂಬಿತ್ತು, ಅಂಥದ್ದರಲ್ಲೂ ಒಂದೇ ಕೈಯಲ್ಲಿ ಟವೆಲ್ ಹಾಕಿ ನನಗೆ ಸೀಟು ಹಿಡಿದರು. ಅಂಥ ಮನುಷ್ಯನ್ನ ಮರ ಕೊಲ್ಲಲಿಲ್ಲ, ನಿಮ್ಮ ಗಾಳಿ ಕೊಲ್ತು. ಇದರಲ್ಲಿ ಯೋಚನೆ ಮಾಡೋದು ಏನಿದೆ?

ಏನಾದರೂ ತಗೊಂಡಿದ್ದರಾ ಅಂತ ಮತ್ತೆ ಕೇಳ್ತೀರಲ್ಲ, ಅವತ್ತು ಕೇಳಿದ್ದು ಸಾಲಲಿಲ್ಲವಾ? ನಮಗೆ ಅರ್ಥವಾಗಲಿ ಅಂತ ತೆಲುಗಿನಲ್ಲಿ ಬೇರೆ ಕೇಳಿದಿರಿ. “ಮಂದೇಮನ್ನಾ ತೀಸ್ಕುಂಟಾರಾ ಮೀ ಆಯನ?” ಅಂದಿರಿ. ನಿಮ್ಮೋರು ಮಂದು ಏನಾದರೂ ತಗೋತಾರಾ ಅಂತ. ಪಕ್ಕದ ಮಂಚದವರು, ಅವರ ನೆಂಟರು, ಕಸ ಗುಡಿಸುವವಳು, ಎಲ್ಲರೂ ನನ್ನ ಮುಖ ನೋಡಿದರು. ನಿಮ್ಮ ಗಂಡ ಕುಡುಕನಾ ಅಂತ ಹತ್ತು ಜನದ ಮುಂದೆ ಕೇಳಿದರೆ ನಿಮಗೆ ಹೇಗಿರುತ್ತೆ? “ಲೇದಮ್ಮಾ, ಆಯನ ಮಂದು ಮುಟ್ಟೇ ಮನಿಷಿ ಕಾದು” ಅಂದೆ. ಮಂದು ಮುಟ್ಟೋ ಮನುಷ್ಯ ಅಲ್ಲ ಅಂತ. ಈಗಲೂ ಅದೇ ಹೇಳ್ತೀನಿ. ಬ್ರಾಂದಿ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ನಮ್ಮೋರು.

ಆ ಬೆಳಿಗ್ಗೆ ಅವರಿಗೆ ಭಯವಾಗಿತ್ತು. ಮರದ ತುದಿಗೆ ಹತ್ತುವವರು ಸೂಜಿಗೆ ಹೆದರಿಕೊಂಡು ಗಡಗಡ ನಡುಗುತ್ತಿದ್ದರು. ಊರಿಂದ ತರಿಸಿದ್ದ ಒಂದು ಲೋಟ ತಂಪು ಕುಡಿಸಿ, ಬೆನ್ನು ಸವರಿ, ನಾನೇ ಸಮಾಧಾನ ಮಾಡಿ ಕಳಿಸಿದೆ. ನಡುಕ ನಿಂತಿತು. ನಗ್ತಾ ಒಳಗೆ ಹೋದರು. ಅವರನ್ನ ನಗ್ತಾ ಕಳಿಸಿದವಳು ನಾನು, ವಾಪಸ್ಸು ಕೊಡಬೇಕಾಗಿದ್ದವರು ನೀವು. ಇಷ್ಟೇ ನನಗೆ ಗೊತ್ತಿರೋದು.

ಭಾರತಮ್ಮ


ಮಾಲೂರು
24 ಜುಲೈ 2024

ಭಾರತಮ್ಮನವರೇ,

ನೀವು ಬರೆದಿರಿ, ಅಷ್ಟೇ ಸಾಕು. ಬೈದದ್ದು ಇರಲಿ. ರಜೆಯ ವಿಷಯವೂ ನಿಮ್ಮ ಮಾತೇ ಸರಿ, ನನ್ನನ್ನು ಹೊರಗಿಟ್ಟಿದ್ದಾರೆ.

ನಿಮ್ಮ ಕಾಗದ ಓದಿದ ಮೇಲೆ ಒಂದು ವಿಷಯ ಹೊಳೆದು ಮೈ ಉರಿದುಹೋಯಿತು. ನಾನು ಮಾಲೂರಿನವಳು, ನನ್ನ ತೆಲುಗು ಕೋಲಾರದ ವಾರ್ಡುಗಳಲ್ಲಿ ಕಲಿತದ್ದು. ನನಗೆ ‘ಮಂದು’ ಅಂದರೆ ಔಷಧಿ, ಮಾತ್ರೆ. ನಾನು ಕೇಳಿದ್ದು ಅದನ್ನು. ನಿಮಗೆ ಅದು ಕುಡಿತ ಎಂದು ಕೇಳಿಸಿತು. ನಾನು ಒಂದನ್ನು ಕೇಳಿದೆ, ನೀವು ಇನ್ನೊಂದಕ್ಕೆ ಉತ್ತರ ಕೊಟ್ಟಿರಿ. ನಾನು ‘ಏನೂ ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದೆ. ತೆಲುಗು ಬರುತ್ತದೆ ಎಂದು ತೋರಿಸಿಕೊಳ್ಳುವ ಚಪಲ ನನಗೆ ಯಾಕೆ ಬೇಕಿತ್ತೋ!

ಆದ್ದರಿಂದ ಈಗ ಕನ್ನಡದಲ್ಲಿ ಕೇಳುತ್ತೇನೆ. ಅವರಿಗೆ ನಿದ್ದೆ ಮಾತ್ರೆಯ ಅಭ್ಯಾಸ ಇತ್ತಾ? ತಲೆ ಕೆಟ್ಟಾಗ, ಮೈ ಕೈ ನೋವಿಗೆ, ಫಿಟ್ಸಿಗೆ ಎಂದು ಯಾರಾದರೂ ಏನಾದರೂ ಕೊಡುತ್ತಿದ್ದರಾ? ಯಾಕೆ ಕೇಳುತ್ತೇನೆಂದರೆ, ನಿದ್ದೆಯ ಔಷಧಿ ಮಿದುಳನ್ನು ಮಂಕು ಮಾಡುತ್ತದೆ. ನಾನು ಕೊಡುವ ಗ್ಯಾಸೂ ಅದನ್ನೇ ಮಾಡುತ್ತದೆ. ಒಳಗೆ ಮೊದಲೇ ಒಂದು ಕೂತಿದ್ದರೆ ಎಲ್ಲರಿಗೂ ಕೊಡುವ ಅಳತೆಯ ಗ್ಯಾಸು ಆ ಮನುಷ್ಯನಿಗೆ ಬಹಳ ಹೆಚ್ಚಾಗುತ್ತದೆ. ಎರಡೂ ಒಂದಕ್ಕೊಂದು ಬಲ ಕೊಟ್ಟು ಉಸಿರನ್ನೂ ರಕ್ತದೊತ್ತಡವನ್ನೂ ಕೆಳಗೆ ಎಳೆಯುತ್ತವೆ. ಬರೀ ಗ್ಯಾಸಿಗೆ ಅವರು ಸಾಯುತ್ತಿರಲಿಲ್ಲ. ಬರೀ ಮಾತ್ರೆಗೂ ಸಾಯುತ್ತಿರಲಿಲ್ಲ. ಮೊದಲೇ ತಿಳಿದಿದ್ದರೆ ಗ್ಯಾಸು ಇಳಿಸುತ್ತಿದ್ದೆ, ಇಲ್ಲವೇ ಆಪರೇಷನ್ ಮುಂದಕ್ಕೆ ಹಾಕಿಸುತ್ತಿದ್ದೆ.

ಆ ಬೆಳಿಗ್ಗೆ ತಂಪು ಕುಡಿಸಿದೆ ಎಂದು ಬರೆದಿದ್ದೀರಿ. ಮಜ್ಜಿಗೆಯೋ ಪಾನಕವೋ ಇರಬೇಕು. ಹೊಟ್ಟೆ ಖಾಲಿ ಇರಲಿ ಎಂದು ಸಾರಿ ಸಾರಿ ಹೇಳಿದ್ದೆವು, ಕೊಡಬಾರದಿತ್ತು. ಆದರೆ ಅವರ ಸಾವು ಅದರಿಂದಲ್ಲ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಹಾಗಾಗಿ ಆ ಮಜ್ಜಿಗೆಯ ವಿಷಯಕ್ಕೆ ನೀವು ನೊಂದುಕೊಳ್ಳಬೇಡಿ.

ಶವಪರೀಕ್ಷೆ ಆಗಿದ್ದರೆ ಇಷ್ಟೆಲ್ಲ ಕೇಳುವ ಅಗತ್ಯವೇ ಇರಲಿಲ್ಲ. ಕತ್ತರಿ ಹಾಕಿಸುವುದು ಬೇಡ ಎಂದು ಹಟ ಹಿಡಿದು ದೇಹವನ್ನು ತೆಗೆದುಕೊಂಡು ಹೋದವರು ನಿಮ್ಮ ಅಣ್ಣ. ಮಣ್ಣು ಮಾಡಿ ಬಂದ ಮೇಲೆ ನನ್ನ ಮೇಲೆ ದೂರು ಕೊಟ್ಟವರೂ ಅವರೇ. ಇದು ನನಗೆ ಅರ್ಥವಾಗುತ್ತಿಲ್ಲ. ನಿಮಗೆ ಆಗುತ್ತಿದೆಯಾ?

ಮೌನಿಕಾ


ರಾಯಲ್ಪಾಡು
30 ಆಗಸ್ಟ್ 2024

ಡಾಕ್ಟರ್ ಮೌನಿಕಾಗೆ,

ನಿಮಗೆ ಬರೀಬಾರದು ಅಂತ ವಕೀಲರು ಹೇಳಿದ್ದಾರೆ. ಇದೊಂದು ಬರೆದು ನಿಲ್ಲಿಸ್ತೀನಿ.

ಮರಣ ಪತ್ರಕ್ಕೆ ಅಂತ ಕೋಲಾರಕ್ಕೆ ಹೋಗಿದ್ದೆ. ನಿಮ್ಮ ಥಿಯೇಟರಿನ ನರ್ಸ್ ಸುನಂದ ಸಿಕ್ಕಿದರು. ಹೋಟೆಲಿಗೆ ಕರ್ಕೊಂಡು ಹೋಗಿ ಕಾಫಿ ಕೊಡಿಸಿದರು, ನನ್ನ ಕೈ ಹಿಡಿದು ಅತ್ತರು. ಶುರುವಿನಿಂದ ಕೊನೆವರೆಗೂ ತಲೆ ಹತ್ತಿರವೇ ಕೂತಿದ್ದೆ ಅಂತ ನೀವು ಬರೆದಿದ್ದೀರಲ್ಲ, ಅದನ್ನ ಅವರಿಗೆ ಹೇಳಿದೆ. ಅವರು ಕಣ್ಣು ಒರೆಸಿಕೊಳ್ಳೋದು ನಿಲ್ಲಿಸಿ ನನ್ನನ್ನೇ ನೋಡಿದರು. “ಅಯ್ಯೋ, ಮೇಡಂ ಪಕ್ಕದ ಥಿಯೇಟ್ರಿಗೆ ಹೋಗಿದ್ರಲ್ಲಮ್ಮ, ನಾವು ಕೂಗಿ ಕರೆದ್ಮೇಲೆ ಓಡಿ ಬಂದ್ರು” ಅಂದರು.

ನನ್ನ ಗಂಡ ಸಾಯುತ್ತಿರೋವಾಗ ನೀವು ಅಲ್ಲಿ ಇರಲೇ ಇಲ್ಲ. ಸುಳ್ಳು ಬರೆದು, ಕೆಳಗೆ ‘ದಯವಿಟ್ಟು’ ಅಂತ ಬೇರೆ ಬರೆದಿರಿ.

ಮಜ್ಜಿಗೆ ವಿಷಯಕ್ಕೆ ನೊಂದುಕೊಳ್ಳಬೇಡಿ ಅಂದಿದ್ದೀರಿ. ಆ ಸಾಲನ್ನ ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ನನ್ನನ್ನ ಬಿಡುಗಡೆ ಮಾಡೋಕೆ ನೀವು ಯಾರು? ಕೇಳಿದವರು ಯಾರು ನಿಮ್ಮನ್ನ?

ಭಾರತಮ್ಮ


ಮಾಲೂರು
9 ಸೆಪ್ಟೆಂಬರ್ 2024

ಭಾರತಮ್ಮನವರಿಗೆ,

ಸುನಂದ ಹೇಳಿದ್ದು ನಿಜ. ಪಕ್ಕದ ಥಿಯೇಟರಿನಲ್ಲಿ ಹೆರಿಗೆ ಆಪರೇಷನ್ ಇತ್ತು, ಮಗುವಿನ ಎದೆಬಡಿತ ಇಳಿಯುತ್ತಿತ್ತು. ಅವತ್ತು ಇಡೀ ಆಸ್ಪತ್ರೆಗೆ ಅರಿವಳಿಕೆ ಕೊಡುವವಳು ನಾನೊಬ್ಬಳೇ. ಮುನಿಶಾಮಿಯವರ ಹತ್ತಿರ ಟೆಕ್ನಿಷಿಯನ್ನನ್ನು ಕೂರಿಸಿ ಹೋದೆ. ಕರೆದ ಕೂಡಲೇ ಓಡಿ ಬಂದೆ. ಬರುವ ಹೊತ್ತಿಗೆ ಕೈ ಮೀರಿತ್ತು. ಇದನ್ನು ವಿಚಾರಣೆಯಲ್ಲಿ ನಾನೂ ಹೇಳಲಿಲ್ಲ, ಆಸ್ಪತ್ರೆಯವರೂ ಹೇಳಬೇಡ ಎಂದರು. ಈಗ ನನ್ನ ಕೈಬರಹದಲ್ಲೇ ನಿಮಗೆ ಸಿಕ್ಕಿತು. ವಕೀಲರಿಗೆ ಕೊಡುವುದಾದರೆ ಕೊಡಿ.

ಆದರೆ ಸುಳ್ಳಿನ ಮಾತು ಬಂದಿರುವುದರಿಂದ ನಿಮ್ಮದನ್ನೂ ಹೇಳಿಬಿಡುತ್ತೇನೆ. ನನ್ನ ಜೊತೆ ಓದಿದವನೊಬ್ಬ ಶ್ರೀನಿವಾಸಪುರದ ಕಡೆ ಕೆಲಸ ಮಾಡಿದ್ದ. ಮೊನ್ನೆ ಮನೆಗೆ ಬಂದಿದ್ದಾಗ ನಿಮ್ಮ ಕಾಗದ ತೋರಿಸಿದೆ. ತಂಪು ಎನ್ನುವ ಪದ ಓದಿ ಅವನು ಜೋರಾಗಿ ನಕ್ಕುಬಿಟ್ಟ. “ಮಜ್ಜಿಗೆ ಅಂದ್ಕೊಂಡ್ಯಾ? ಎಂಥ ಪೆದ್ದಿ ಕಣೇ ನೀನು! ಆ ಕಡೆ ಅದು ಸೇಂದಿ, ಈಚಲ ಹೆಂಡ” ಅಂದ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಆ ಸೇಂದಿಯಲ್ಲಿ ಈಚಲು ಮರದ್ದು ಎಂದು ಒಂದು ಹನಿಯೂ ಇರುವುದಿಲ್ಲವಂತೆ. ನೀರು, ಸ್ಯಾಕ್ರೀನು, ಮೇಲೆ ಒಂದಷ್ಟು ಪುಡಿ. ಆ ಪುಡಿ ನಿದ್ದೆ ಬರಿಸುವ ಔಷಧಿ, ಭಾರತಮ್ಮನವರೇ. ನಾನು ಎರಡು ತಿಂಗಳಿಂದ ಹುಡುಕುತ್ತಿದ್ದದ್ದು ಅದನ್ನೇ. ನೀವು ಭಯದ ನಡುಕ ಅಂದಿರಿ. ಅದು ಭಯವಲ್ಲ. ದಿನಾ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಅದು ಸಿಗದೆ ಮೈ ನಡುಗಿತು. ನೀವು ಅದನ್ನೇ ಕುಡಿಸಿದಿರಿ, ನಡುಕ ನಿಂತಿತು, ನಗುತ್ತಾ ಒಳಗೆ ಬಂದರು. ಆ ನಗುವಿನ ಮೇಲೆ ನಾನು ಗ್ಯಾಸ್ ಬಿಟ್ಟೆ.

ನಿಮಗೆ ಗೊತ್ತಿತ್ತು. ಮೊದಲನೇ ಕಾಗದಕ್ಕೇ ನೀವು ಉತ್ತರ ಬರೆಯಬಹುದಿತ್ತು. ನಿಮ್ಮ ಊರಿನಲ್ಲಿ ಅದನ್ನು ಮಾಡುವವರು, ಮಾರುವವರು ಯಾರು? ಶವಪರೀಕ್ಷೆ ಬೇಡ ಎಂದವರು ಯಾರು? ಇಬ್ಬರೂ ಒಬ್ಬರೇನಾ?

ನಮ್ಮ ಮನೆಗೆ ಹಾಲು ಹಾಕುವವಳು ಕೂಡ ಈಗ ನನ್ನ ಕಣ್ಣು ತಪ್ಪಿಸುತ್ತಾಳೆ. ನನ್ನ ಡಾಕ್ಟರ್ ರಿಜಿಸ್ಟ್ರೇಷನ್ ಯಾಕೆ ರದ್ದು ಮಾಡಬಾರದು ಎಂದು ನೋಟೀಸು ಬಂದಿದೆ. ನನ್ನ ವಿದ್ಯೆ, ನನ್ನ ಅನ್ನ, ನನ್ನ ಹೆಸರು ಎಲ್ಲ ನಿಮ್ಮ ಆ ಒಂದು ಲೋಟದ ಹಿಂದೆ ನಿಂತಿದೆ. ಬರೆದುಕೊಡಿ.

ಮೌನಿಕಾ


ರಾಯಲ್ಪಾಡು
11 ನವೆಂಬರ್ 2024

ಡಾಕ್ಟರಮ್ಮನಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೀಬಾರದು ಅಂತಲೇ ಇದ್ದೆ. ಈಗ ಕೇಳೋದಕ್ಕೆ ಇನ್ಯಾರೂ ಇಲ್ಲ.

ಸೇಂದಿ ನಮ್ಮ ಕಡೆ ಮಂದು ಅಲ್ಲ. ಬ್ರಾಂದಿ ಮಂದು, ಸಾರಾಯಿ ಮಂದು. ಸೇಂದಿ ಮೈಗೆ ತಂಪು ಅಂತ ಕಳೆ ಕೀಳೋ ಹೆಂಗಸರೂ ಕುಡೀತಾರೆ, ಕುಡಿದು ಮನೆಗೆ ಹೋಗಿ ಅಡಿಗೆ ಮಾಡ್ತಾರೆ. ನೀವು ಅವತ್ತು ನೂರು ಸಲ ಕೇಳಿದ್ದರೂ ನನ್ನ ತಲೆಗೆ ಅದು ಬರ್ತಿರಲಿಲ್ಲ. ಪುಡಿ ಹಾಕ್ತಾರೆ ಅಂತ ಗೊತ್ತಿತ್ತು. ಹಾಲಿಗೂ ನೀರು ಹಾಕ್ತಾರೆ, ಹಾಗೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಕುಡಿಸಿದೆ ಅಂತ ನೀವು ಬರೆದಿದ್ದು ಸುಳ್ಳು. ಆದರೆ ನಿಮ್ಮ ಎರಡನೇ ಕಾಗದ ಓದಿದ ದಿನವೇ ನನಗೆ ಗೊತ್ತಾಯಿತು, ಅದು ನಿಜ. ಅವತ್ತಿಂದ ಲೋಟದಲ್ಲಿ ನೀರು ಕುಡಿಯೋಕೆ ಆಗ್ತಿಲ್ಲ, ಚೊಂಬು ಎತ್ತಿ ಬಾಯಿಗೆ ಹಾಕ್ಕೊಳ್ತೀನಿ.

ಹಾಗಂತ ನಾನೊಬ್ಬಳೇ ಹೊತ್ಕೊಳ್ಳಲ್ಲ. ಲೋಟ ಕೊಟ್ಟಿದ್ದು ನನ್ನ ಕೈ. ಗಾಳಿ ಕೊಟ್ಟು ಎದ್ದು ಹೋಗಿದ್ದು ನಿಮ್ಮ ಕಾಲು.

ಈಗ ಕೇಳಬೇಕಾಗಿರೋದು ಬೇರೆ. ನಮ್ಮ ನೆಂಟರೊಬ್ಬರು ಇದ್ದಾರೆ. ಪಿತ್ತಕೋಶದಲ್ಲಿ ಕಲ್ಲು, ನೋವು ತಡೆಯೋಕೆ ಆಗ್ತಿಲ್ಲ. ಮುಳಬಾಗಿಲಲ್ಲಿ ಮುಂದಿನ ವಾರ ಬುಧವಾರ ಆಪರೇಷನ್. ಅವರು ದಿನಾ ಸೇಂದಿ ಕುಡೀತಾರೆ, ನಮ್ಮ ಯಜಮಾನರಿಗಿಂತ ಹೆಚ್ಚು. ಡಾಕ್ಟರಿಗೆ ಹೇಳಿ ಅಂದರೆ ಆಗಲ್ಲ ಅಂತಾರೆ. ಹೇಳಿದರೆ ಎಲ್ಲಿ ಸಿಗ್ತು ಅಂತ ಕೇಳ್ತಾರೆ, ಅವರೇ ಮಾಡೋದು, ಅವರೇ ಮಾರೋದು. “ರೆಂಡು ದಿನಾಲು ಮಾನೇಸ್ತಾನು, ಅಂತಾ ಪೋತುಂದಿ” ಅಂತಾರೆ. ಎರಡು ದಿನ ಬಿಟ್ಟರೆ ಎಲ್ಲಾ ಇಳಿದುಹೋಗುತ್ತೆ ಅಂತ.

ಎರಡು ದಿನ ಬಿಟ್ಟರೆ ಸಾಕಾ? ಗಾಳಿ ಕೊಟ್ಟಾಗ ಏನೂ ಆಗಲ್ವಾ? ಇಷ್ಟು ಮಾತ್ರ ತಿಳಿಸಿ. ಅವರು ಯಾರು ಅಂತ ಕೇಳಬೇಡಿ. ನನಗೆ ಅಂತ ಉಳಿದಿರೋದು ಅವರೊಬ್ಬರೇ.

ಭಾರತಮ್ಮ


ಮಾಲೂರು
14 ನವೆಂಬರ್ 2024

ಭಾರತಮ್ಮ,

ನಿಮಗೆ ಬೇಕಾದ ಉತ್ತರ ನನ್ನ ಹತ್ತಿರ ಇದೆ. ನನಗೆ ಬೇಕಾದದ್ದು ನಿಮ್ಮ ಹತ್ತಿರ ಇದೆ. ನಾನು ಬೇಡಿಕೊಂಡಾಗ ನೀವು ನನ್ನನ್ನು ಆಟ ಆಡಿಸಿದಿರಿ, ಈಗ ಕಷ್ಟ ನಿಮ್ಮ ಮನೆಗೆ ಬಂದಾಗ ಡಾಕ್ಟರಮ್ಮ ನೆನಪಾದಳು.

ಆ ಬೆಳಿಗ್ಗೆ ಏನು ಕುಡಿಸಿದಿರಿ, ಅದನ್ನು ಮಾಡಿದವರು ಯಾರು ಎಂದು ಸ್ಪಷ್ಟವಾಗಿ ಬರೆದು, ಸಹಿ ಹಾಕಿ ಕಳಿಸಿ. ಅದು ನನ್ನ ಕೈ ಸೇರಿದ ದಿನ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ನಿಮ್ಮ ನೆಂಟರು ಯಾರೆಂದು ನಾನು ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ.

ಮೌನಿಕಾ


ಮಾಲೂರು
15 ನವೆಂಬರ್ 2024

ಭಾರತಮ್ಮನವರೇ,

ನಿನ್ನೆ ಬರೆದದ್ದನ್ನು ಮರೆತುಬಿಡಿ. ನಿನ್ನೆ ಸಂಜೆ ಅಂಚೆಗೆ ಹಾಕಿ ಮನೆಗೆ ಬಂದಾಗ ಎದೆ ಹಗುರವಾಗಿತ್ತು. ಊಟವೂ ರುಚಿಸಿತು. ಇವತ್ತು ಎದ್ದವಳಿಗೆ ಆ ಊಟ ನೆನಪಾಗಿ ಹೇಸಿಗೆ ಆಯಿತು. ರೋಗಿಯ ಉಸಿರನ್ನು ಹಿಡಿದುಕೊಂಡು ಚೌಕಾಶಿ ಮಾಡುವವಳು ಯಾವ ಮುಖ ಇಟ್ಟುಕೊಂಡು ರಿಜಿಸ್ಟ್ರೇಷನ್ ಉಳಿಸಿ ಎಂದು ಕೇಳಲಿ?

ಈಗ ಸರಿಯಾಗಿ ಓದಿ. ಎರಡು ದಿನ ಬಿಟ್ಟರೆ ಸಾಲದು. ಬರೀ ಸಾಲದು ಅಂತಲ್ಲ, ಹಾಗೆ ಬಿಡುವುದೇ ಅಪಾಯ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ ಬರುತ್ತದೆ, ಫಿಟ್ಸ್ ಬರಬಹುದು, ಬುದ್ಧಿ ಕದಡಬಹುದು. ಇನ್ನೊಂದು ವಿಚಿತ್ರವಿದೆ. ಕುಡಿದು ಬಂದ ದಿನ ಅವರಿಗೆ ಗ್ಯಾಸು ಕಡಿಮೆ ಸಾಕು. ಕುಡಿಯದೆ ಬಂದ ದಿನ, ಮಿದುಳು ಪುಡಿಗೆ ಒಗ್ಗಿಹೋಗಿರುವುದರಿಂದ, ಅದೇ ಮನುಷ್ಯನಿಗೆ ಬೇರೆಯವರಿಗಿಂತ ಹೆಚ್ಚು ಬೇಕಾಗಬಹುದು. ಹಾಗಾಗಿ ಏನು ಕುಡಿಯುತ್ತಾರೆ, ಎಷ್ಟು, ಕೊನೆಗೆ ಕುಡಿದದ್ದು ಯಾವಾಗ ಎಂದು ತಿಳಿಯದೆ ಯಾವ ಡಾಕ್ಟರೂ ಅಳತೆ ಹಿಡಿಯಲಾರ. ನಿಲ್ಲಿಸುವುದಾದರೂ ಡಾಕ್ಟರ ಕಣ್ಣೆದುರಿಗೆ, ಅವರು ಕೊಟ್ಟ ಮಾತ್ರೆಯ ಆಸರೆಯಲ್ಲಿ, ನಿಧಾನವಾಗಿ ನಿಲ್ಲಿಸಬೇಕು. ಅರಿವಳಿಕೆ ಕೊಡುವ ಡಾಕ್ಟರಿಗೆ ಹೇಳಿ. ನಿಮ್ಮ ಅಣ್ಣ ಹೇಳದಿದ್ದರೆ ನೀವು ಹೇಳಿ.

ಯಾವ ಆಸ್ಪತ್ರೆ ಎಂದು ನೀವು ಬರೆದಿಲ್ಲ. ಮುಳಬಾಗಿಲಿನಲ್ಲಿ ನನಗೆ ಗೊತ್ತಿರುವ ಕಡೆಗೆಲ್ಲ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ಕೇಸಿನಲ್ಲಿರುವ ಡಾಕ್ಟರ್ ಎಂದು ಯಾರೂ ಬಾಯಿ ಬಿಡುತ್ತಿಲ್ಲ. ನಿಮ್ಮ ನಂಬರಿಗೂ ಮಾಡಿದೆ, ನೀವು ಇನ್ನೂ ಬ್ಲಾಕ್ ತೆಗೆದಿಲ್ಲ. ಇವತ್ತು ಅಂಚೆ ಕಚೇರಿಗೆ ರಜೆ. ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಹಾಕುತ್ತೇನೆ. ಬುಧವಾರಕ್ಕೆ ಮುಂಚೆ ನಿಮಗೆ ಸಿಗಲಿ.

ಮೌನಿಕಾ


ರಾಯಲ್ಪಾಡು
26 ನವೆಂಬರ್ 2024

ಡಾಕ್ಟರ್ ಮೌನಿಕಾ ಅವರಿಗೆ,

ಹದಿನಾಲ್ಕನೇ ತಾರೀಕು ನೀವು ಬರೆದ ಕಾಗದ ಮಂಗಳವಾರ ಬಂತು. ಮಾರನೇ ದಿನ ಬರೆದಿದ್ದು ಗುರುವಾರ.

ಮಂಗಳವಾರ ಬಂದಿದ್ದನ್ನ ಓದಿ ನಾನು ನಿಮ್ಮ ಮೇಲೆ ಕೋಪ ಕೂಡ ಮಾಡ್ಕೊಳ್ಳಲಿಲ್ಲ. ನಾನೂ ನಿಮ್ಮ ಜಾಗದಲ್ಲಿ ಇದ್ದಿದ್ದರೆ ಅದನ್ನೇ ಬರೀತಿದ್ದೆ. ಆದರೆ ಒಂದು ಗೊತ್ತಾಯಿತು. ಉತ್ತರ ಹೇಳೋಕೆ ಇಷ್ಟು ದೊಡ್ಡ ಬೆಲೆ ಕೇಳ್ತೀರಿ ಅಂದರೆ, ಉತ್ತರ ಒಳ್ಳೇದಲ್ಲ. ಎರಡು ದಿನ ಬಿಟ್ಟರೆ ಸಾಕು ಅನ್ನೋ ಹಾಗಿದ್ದರೆ ನೀವು ಸುಮ್ಮನೆ ಬರೆದುಬಿಡ್ತಿದ್ದಿರಿ.

ಬುಧವಾರ ಬೆಳಿಗ್ಗೆ ಮುಳಬಾಗಿಲ ಆಸ್ಪತ್ರೆಯಲ್ಲಿ ನಮ್ಮಣ್ಣ ಮಂಚದ ಮೇಲೆ ಕೂತು ನಡುಗುತ್ತಿದ್ದ. ಬಾಟ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದ. ಗಾಳಿ ಕೊಡೋ ಡಾಕ್ಟರು ಬಂದರು, ಉಮೇಶ್ ಅಂತ ಹೆಸರು. ಎಲ್ಲಾ ಕೇಳಿದರು. ಅಣ್ಣ ಇಲ್ಲ, ಇಲ್ಲ ಅಂದ. ಕೈ ಯಾಕೆ ನಡುಗುತ್ತೆ ಅಂದರು. ಭಯ ಸಾರ್ ಅಂದ. ಅದೇ ಮಾತು, ಡಾಕ್ಟರಮ್ಮ. ನಾನು ಮಂಚದ ಮುಂದೆ ಬಂದು ನಿಂತೆ. “ಭಯ ಅಲ್ಲ ಸಾರ್, ದಿನಾ ಸೇಂದಿ ಕುಡೀತಾನೆ, ಪುಡೀದು. ಭಾನುವಾರದಿಂದ ಬಿಟ್ಟವ್ನೆ. ನಮ್ಮನೆಯವ್ರು ಅದ್ರಲ್ಲೇ ಹೋಗಿದ್ದು” ಅಂತ ಅಂದುಬಿಟ್ಟೆ. ವಾರ್ಡಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನೋಡಲಿ ಅಂದ್ಕೊಂಡೆ. ಅಣ್ಣ ಮಾತ್ರ ನೋಡಲಿಲ್ಲ, ಗೋಡೆ ಕಡೆ ತಿರುಗಿದ.

ಆಪರೇಷನ್ ಮುಂದಕ್ಕೆ ಹಾಕಿದರು. ನಡುಕಕ್ಕೆ ಮಾತ್ರೆ ಕೊಟ್ಟು ಒಳಗೇ ಇಟ್ಟುಕೊಂಡರು. ಆಮೇಲೆ ಗುರುವಾರದ ನಿಮ್ಮ ಕಾಗದ ಬಂತು, ನೀವು ಬರೆದಿದ್ದನ್ನೇ ಅವರೂ ಮಾಡ್ತಿದ್ದರು. ಶನಿವಾರ ಗಾಳಿ ಕೊಟ್ಟರು. ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದೆ. ಆಮೇಲೆ ಹೊರಗೆ ತಂದರು, ಉಸಿರಾಡುತ್ತಿದ್ದ. ಕಣ್ಣು ಬಿಟ್ಟ. ನನ್ನನ್ನ ನೋಡಿ “ಚೆಪ್ಪೇಸಿನಾವು ಕದಾ” ಅಂದ. ಹೇಳಿಬಿಟ್ಟೆಯಲ್ಲಾ ಅಂತ. ಅದಾದ ಮೇಲೆ ಇವತ್ತಿನವರೆಗೂ ನನ್ನ ಹತ್ತಿರ ಮಾತಾಡಿಲ್ಲ. ಅತ್ತಿಗೆ ಅವರ ಮನೆಯಲ್ಲಿದ್ದ ನನ್ನ ತಟ್ಟೆ, ಚೊಂಬು ತಂದು ನಮ್ಮ ಮನೆ ಜಗಲಿ ಮೇಲೆ ಇಟ್ಟು ಹೋದಳು. ಅಬಕಾರಿಯವರು ಎರಡು ಸಲ ಬಂದು ಹೋದರು.

ಅಣ್ಣ ಬದುಕಿದ. ಬದುಕಲಿ ಅಂತಲೇ ಹೇಳಿದ್ದು. ಆದರೆ ಅವನು ಕಣ್ಣು ಬಿಟ್ಟ ಗಳಿಗೆಯಲ್ಲಿ ನನಗೆ ಸಂತೋಷ ಆಗಲಿಲ್ಲ. ಇಷ್ಟೇನಾ ಅನ್ನಿಸಿತು. ಒಬ್ಬರು ಒಂದು ಮಾತು ಹೇಳಿ, ಇನ್ನೊಬ್ಬರು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತಾ? ಅಣ್ಣ ಸತ್ತಿದ್ದರೆ, ಗಾಳಿ ಎಲ್ಲರನ್ನೂ ಕೊಲ್ಲುತ್ತೆ ಅಂದ್ಕೊಂಡು ನಾನು ಹಾಯಾಗಿ ಇರ್ತಿದ್ದೆ. ಇಂಥ ಯೋಚನೆ ಬಂತು ನನಗೆ. ಒಡಹುಟ್ಟಿದವನ ಮಂಚದ ಪಕ್ಕ ನಿಂತುಕೊಂಡು ಬಂತು.

ನೀವು ಕೇಳಿದ ಹೇಳಿಕೆಯನ್ನ ಇದರ ಜೊತೆ ಕಳಿಸ್ತಿದ್ದೀನಿ. ಸಹಿ ಹಾಕಿದ್ದೀನಿ, ಆಧಾರಿನಲ್ಲಿ ಇರೋ ಹಾಗೇ ಹೆಸರು ಬರೆದಿದ್ದೀನಿ. ಸೇಂದಿ ನಮ್ಮಣ್ಣ ಮಾಡಿದ್ದು, ಲೋಟ ಹಿಡಿದು ಕುಡಿಸಿದವಳು ನಾನು, ಡಾಕ್ಟರಮ್ಮ ಗಾಳಿ ಬಿಟ್ಟು ಪಕ್ಕದ ಥಿಯೇಟರಿಗೆ ಹೋಗಿದ್ದರು. ಮೂರೂ ಬರೆದಿದ್ದೀನಿ. ನಿಮ್ಮ ಸೆಪ್ಟೆಂಬರ್ ಕಾಗದವನ್ನ ವಕೀಲರಿಗೆ ಕೊಡೋಣ ಅಂತ ಎರಡು ಸಲ ಮನೆಯಿಂದ ಹೊರಟಿದ್ದೆ. ಮುಂದೆ ನಿಮ್ಮ ತಪ್ಪು ಇತ್ತು, ಅದೇ ಹಾಳೆಯ ಹಿಂದೆ ನನ್ನದು ಇತ್ತು. ಎರಡು ಸಲವೂ ಬಸ್ ಸ್ಟಾಂಡಿನಿಂದ ವಾಪಸ್ಸು ಬಂದೆ. ನಾನೂ ಹಾಗೇ ಬರೆದಿದ್ದೀನಿ, ಒಂದೇ ಹಾಳೆ, ಮಧ್ಯೆ ಜಾಗ ಬಿಡದೆ. ಹೆಸರು ಉಳಿಸಿಕೊಳ್ಳಬೇಕು ಅಂದರೆ ಪೂರ್ತಿ ಕೊಡಬೇಕು.

ವಿಚಾರಣೆಯವರಿಗೆ ಕೊಟ್ಟರೆ ಹೇಳಿ ಕಳಿಸಿ, ನಾನು ಬಂದು ಅವರ ಮುಂದೆಯೂ ಹೇಳ್ತೀನಿ. ಕೊಡದೆ ಒಲೆಗೆ ಹಾಕಿದರೂ ನಾನು ಏನೂ ಅನ್ನೋದಿಲ್ಲ. ಆಗ ನಮ್ಮ ಯಜಮಾನರು ಬರೀ ನಿಮ್ಮ ಗಾಳಿಯಿಂದ ಸತ್ತರು ಅಂತಲೇ ಊರಲ್ಲಿ ಉಳಿಯುತ್ತೆ. ಎಲ್ಲರೂ ಅದನ್ನ ನಂಬಿದ್ದಾರೆ. ನಂಬದೇ ಇರೋರು ನಾವಿಬ್ಬರೇ.

ಭಾರತಮ್ಮ